ಒಂದು ಕಾಯಿಲೆ, 35 ವರ್ಷದ ಮೌನ: ಚಿತ್ರಕಾರ ಗೋಯಾ ಅವರ ಬದುಕು ಮತ್ತು ದಿಢೀರ್ ಕಿವುಡಿಗೆ ಸ್ಟೀರಾಯ್ಡ್ ಚಿಕಿತ್ಸೆಯ ಸತ್ಯ

ರಾತ್ರಿ ಚೆನ್ನಾಗಿ ಕೇಳಿಸುತ್ತಿದ್ದ ಕಿವಿ ಬೆಳಿಗ್ಗೆ ಏಳುವಾಗ ಕೇಳಿಸುತ್ತಿಲ್ಲ. ಫೋನ್ ಆ ಕಿವಿಗೆ ಹಿಡಿದರೆ ಏನೂ ಇಲ್ಲ, ಒಳಗೆ ಗುಂಯ್ ಎನ್ನುವ ಸದ್ದು ಮಾತ್ರ. ಹೀಗಾದಾಗ ಮನೆಯಲ್ಲಿ ಮೊದಲು ಬರುವ ಸಲಹೆ ಯಾವುದು? ಗುಗ್ಗೆ ತುಂಬಿದೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡು, ನಾಲ್ಕು ದಿನ ನೋಡೋಣ. ವಾಟ್ಸಾಪ್‌ನಲ್ಲಿ ಬರುವ ಸಲಹೆಯೂ ಹೆಚ್ಚುಕಡಿಮೆ ಇದೇ. ಅದರ ಜೊತೆಗೆ ಇನ್ನೊಂದು ಎಚ್ಚರಿಕೆ ಇರುತ್ತದೆ: ಡಾಕ್ಟರ್ ಸ್ಟೀರಾಯ್ಡ್ ಕೊಟ್ಟರೆ ತಗೋಬೇಡಿ, ದೇಹ ಹಾಳಾಗುತ್ತದೆ.

ಈ ಎರಡು ಸಲಹೆಗಳಲ್ಲಿ ಎಷ್ಟು ಸತ್ಯವಿದೆ ಎಂದು ತಿಳಿಯಲು ಇವತ್ತು ಒಬ್ಬ ದೊಡ್ಡ ಮನುಷ್ಯರ ಬದುಕನ್ನು ನೋಡೋಣ. ಅವರು ಸ್ಪೇನ್ ದೇಶದ ಚಿತ್ರಕಾರ ಫ್ರಾನ್ಸಿಸ್ಕೊ ಗೋಯಾ. 46ನೇ ವಯಸ್ಸಿನಲ್ಲಿ, ಒಂದೇ ಕಾಯಿಲೆಯಲ್ಲಿ, ಅವರ ಎರಡೂ ಕಿವಿಗಳು ಹೋದವು. ಮುಂದೆ ಬದುಕಿದ 35 ವರ್ಷವೂ ಅವರಿಗೆ ಏನೂ ಕೇಳಿಸಲಿಲ್ಲ.

ಹಳ್ಳಿಯಿಂದ ಅರಮನೆಗೆ

ಗೋಯಾ ಹುಟ್ಟಿದ್ದು 1746ರ ಮಾರ್ಚ್ 30ರಂದು, ಸ್ಪೇನ್‌ನ ಅರಗಾನ್ ಪ್ರಾಂತ್ಯದ ಫುವೆಂದೆತೋದೋಸ್ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಹೊಸೆ, ಚರ್ಚಿನ ಕೆತ್ತನೆಗಳಿಗೆ ಚಿನ್ನದ ರೇಕು ಹಚ್ಚುವ ಕಸುಬಿನವರು. ಮನೆಯಲ್ಲಿ ಹಣ ಹೆಚ್ಚಿರಲಿಲ್ಲ. ಹದಿನಾಲ್ಕರ ಆಸುಪಾಸಿನಲ್ಲಿ ಹುಡುಗ ಸರಗೋಸಾ ಪಟ್ಟಣದ ಹೊಸೆ ಲುಸಾನ್ ಎಂಬ ಚಿತ್ರಕಾರರ ಬಳಿ ಕೆಲಸ ಕಲಿಯಲು ಸೇರಿದ.

ಮುಂದೆ ದೊಡ್ಡ ಹೆಸರು ಮಾಡಿದವರ ಆರಂಭ ಸುಲಭವಾಗಿರಲಿಲ್ಲ. ಮ್ಯಾಡ್ರಿಡ್‌ನ ರಾಜ ಅಕಾಡೆಮಿ ನಡೆಸುತ್ತಿದ್ದ ಸ್ಪರ್ಧೆಗೆ 1763ರಲ್ಲಿ ಹೋದರು, ಸೋತರು. 1766ರಲ್ಲಿ ಮತ್ತೆ ಹೋದರು, ಮತ್ತೆ ಸೋತರು. ಆಮೇಲೆ ಇಟಲಿಗೆ ಹೋಗಿ ಅಲ್ಲಿನ ಚಿತ್ರಗಳನ್ನು ನೋಡಿ ಕಲಿತು ಬಂದರು. 1773ರಲ್ಲಿ ಹೋಸೆಫಾ ಬಾಯೆವು ಅವರನ್ನು ಮದುವೆಯಾದರು. ಹೋಸೆಫಾ ಅವರ ಅಣ್ಣ ಫ್ರಾನ್ಸಿಸ್ಕೊ ಬಾಯೆವು ಆಗಲೇ ಅರಮನೆಯ ಚಿತ್ರಕಾರರಾಗಿದ್ದರು. 1775ರಿಂದ ಗೋಯಾ ಅವರಿಗೂ ರಾಜರ ನೇಯ್ಗೆ ಕಾರ್ಖಾನೆಯ ಕೆಲಸ ಸಿಕ್ಕಿತು. ಅರಮನೆಯ ಗೋಡೆಗೆ ತೂಗುಹಾಕುವ ದೊಡ್ಡ ನೇಯ್ಗೆಗಳಿಗೆ ಮಾದರಿ ಚಿತ್ರ ಬರೆದುಕೊಡುವ ಕೆಲಸ ಅದು. ಹಬ್ಬ, ಜಾತ್ರೆ, ಆಟವಾಡುವ ಮಕ್ಕಳು, ಕೊಡೆ ಹಿಡಿದ ಹೆಣ್ಣುಮಕ್ಕಳು. ಆಗಿನ ಅವರ ಚಿತ್ರಗಳಲ್ಲಿ ಬೆಳಕೇ ಬೆಳಕು.

1786ರಲ್ಲಿ ರಾಜನ ಚಿತ್ರಕಾರರಾದರು. ನಾಲ್ಕನೇ ಚಾರ್ಲ್ಸ್ ಪಟ್ಟಕ್ಕೆ ಬಂದ ಮರುವರ್ಷ, 1789ರಲ್ಲಿ, ಆಸ್ಥಾನ ಚಿತ್ರಕಾರರ ಸ್ಥಾನ ಸಿಕ್ಕಿತು. ಮನೆಯಲ್ಲಿ ಮಾತ್ರ ನೋವು ತುಂಬಿತ್ತು. ಹುಟ್ಟಿದ ಮಕ್ಕಳಲ್ಲಿ ದೊಡ್ಡವನಾಗುವವರೆಗೆ ಉಳಿದದ್ದು ಹಾವಿಯೆರ್ ಒಬ್ಬನೇ.

1792ರ ಕೊನೆ: ಏನಾಯಿತು?

1792ರ ಕೊನೆಯಲ್ಲಿ ಗೋಯಾ ದಕ್ಷಿಣ ಸ್ಪೇನ್‌ಗೆ ಹೋಗಿದ್ದರು. ಅಲ್ಲಿ ಕಾಯಿಲೆ ಬಿದ್ದರು. ಕಾದಿಸ್ ಎಂಬ ಬಂದರು ಪಟ್ಟಣದಲ್ಲಿ ಸೆಬಾಸ್ತಿಯಾನ್ ಮಾರ್ತಿನೆಸ್ ಎಂಬ ವ್ಯಾಪಾರಿ ಗೆಳೆಯರಿದ್ದರು. ಅವರ ಮನೆಯಲ್ಲಿ ಗೋಯಾ ತಿಂಗಳುಗಟ್ಟಲೆ ಮಲಗಿದರು. ತಲೆನೋವು, ತಲೆಸುತ್ತು, ನಿಂತರೆ ತೂರಾಟ, ಕಣ್ಣು ಮಂಜು, ಕಿವಿಯಲ್ಲಿ ಸದ್ದು. ಇಲ್ಲದ್ದು ಕಂಡಂತೆ, ಕೇಳಿಸಿದಂತೆ ಭ್ರಮೆಯೂ ಆಗುತ್ತಿತ್ತು.

1793ರಲ್ಲಿ ಒಂದೊಂದೇ ಲಕ್ಷಣ ಇಳಿಯಿತು. ಕಣ್ಣು ಸರಿಯಾಯಿತು. ಮೆಟ್ಟಿಲು ಹತ್ತಿ ಇಳಿಯುವಷ್ಟು ಸಮತೋಲನ ಬಂತು. ಕಿವಿ ಮಾತ್ರ ವಾಪಸ್ ಬರಲಿಲ್ಲ.

ಆಗಿನ ವೈದ್ಯರ ಕೈಯಲ್ಲಿ ಏನಿತ್ತು? ರಕ್ತ ತೆಗೆಯುವುದು, ವಾಂತಿ ಭೇದಿ ಮಾಡಿಸುವುದು, ಪಾದರಸದ ಔಷಧ. ಒಳಗಿವಿಯಲ್ಲಿ ಏನಿದೆ ಎಂಬುದೇ ಸರಿಯಾಗಿ ಗೊತ್ತಿಲ್ಲದ ಕಾಲ ಅದು. ರಾಜನ ಚಿತ್ರಕಾರರಿಗೂ ಅದಕ್ಕಿಂತ ಹೆಚ್ಚಿನದು ಸಿಗುವಂತಿರಲಿಲ್ಲ.

ಕಿವಿ ಹೋದ ಮೇಲೆ

ಮ್ಯಾಡ್ರಿಡ್‌ಗೆ ಮರಳಿದ ಗೋಯಾ ದೊಡ್ಡ ಕೆಲಸ ಮಾಡುವ ಶಕ್ತಿ ಇಲ್ಲದೆ ಸಣ್ಣ ತಗಡಿನ ಹಲಗೆಗಳ ಮೇಲೆ ಚಿತ್ರ ಬರೆಯತೊಡಗಿದರು. ಯಾರೂ ಹೇಳಿ ಬರೆಸಿದ ಚಿತ್ರಗಳಲ್ಲ, ಮನಸ್ಸಿಗೆ ಬಂದದ್ದು. 1794ರ ಆರಂಭದಲ್ಲಿ ಅವನ್ನು ಅಕಾಡೆಮಿಗೆ ಕಳಿಸಿದರು. ಹಡಗು ಒಡೆದು ದಡ ಸೇರಿದವರು, ಬೆಂಕಿ ಅನಾಹುತ, ಹುಚ್ಚಾಸ್ಪತ್ರೆಯ ಅಂಗಳ. ಹಿಂದಿನ ಜಾತ್ರೆ, ಹಬ್ಬದ ಬೆಳಕು ಇಲ್ಲಿ ಇರಲಿಲ್ಲ.

1795ರಲ್ಲಿ ಭಾವ ಬಾಯೆವು ತೀರಿಕೊಂಡಾಗ ಅಕಾಡೆಮಿಯ ಚಿತ್ರಕಲಾ ವಿಭಾಗದ ನಿರ್ದೇಶಕ ಸ್ಥಾನ ಗೋಯಾ ಅವರಿಗೆ ಬಂತು. ಎರಡೇ ವರ್ಷ. ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಕೇಳಿಸದ ಗುರು ಪಾಠ ಹೇಳುವುದು ಹೇಗೆ? 1797ರಲ್ಲಿ ಕಿವುಡಿನ ಕಾರಣಕ್ಕೇ ಆ ಹುದ್ದೆ ಬಿಟ್ಟರು. ಎರಡು ಸಲ ತಿರಸ್ಕರಿಸಿದ್ದ ಅಕಾಡೆಮಿಯಲ್ಲಿ ಸಿಕ್ಕ ಗೌರವದ ಕುರ್ಚಿ ಹೀಗೆ ಕೈಬಿಟ್ಟಿತು. ಜನರ ಜೊತೆ ಬರವಣಿಗೆಯಲ್ಲಿ, ಕೈಸನ್ನೆಯಲ್ಲಿ ಮಾತಾಡುವುದನ್ನು ಕಲಿತರು. ಬೆರಳಿನಲ್ಲಿ ತೋರಿಸುವ ಅಕ್ಷರಮಾಲೆಯನ್ನು ಅವರೇ ಚಿತ್ರಿಸಿದ್ದೂ ಉಂಟು.

ಕೆಲಸ ನಿಲ್ಲಲಿಲ್ಲ. 1798ರಲ್ಲಿ ಮ್ಯಾಡ್ರಿಡ್‌ನ ಸಾನ್ ಅಂತೋನಿಯೊ ದೆ ಲಾ ಫ್ಲೊರಿದಾ ಚರ್ಚಿನ ಗುಮ್ಮಟದ ಒಳಗೆ ಚಿತ್ರ ಬರೆದರು. 1799ರಲ್ಲಿ ಜನರ ಮೂಢನಂಬಿಕೆ, ಮಾಟಗಾತಿಯರ ಭಯ, ಢೋಂಗಿತನವನ್ನು ಗೇಲಿ ಮಾಡುವ 80 ಅಚ್ಚು ಚಿತ್ರಗಳ ಕಾಪ್ರಿಚೋಸ್ ಹೊರಬಂತು. ಅದರಲ್ಲಿ ಕತ್ತೆಯೇ ವೈದ್ಯನಾಗಿ ರೋಗಿಯ ನಾಡಿ ಹಿಡಿದಿರುವ ಚಿತ್ರವೂ ಇದೆ. ನಕಲಿ ವೈದ್ಯರ ಬಗ್ಗೆ ಇವತ್ತು ನಾವು ಮೀಮ್ ಮಾಡುತ್ತೇವೆ, ಅವರು 200 ವರ್ಷದ ಹಿಂದೆ ಮಾಡಿದ್ದರು. ಅದೇ ವರ್ಷ ಅವರು ಪ್ರಧಾನ ಆಸ್ಥಾನ ಚಿತ್ರಕಾರರಾದರು.

1808ರಲ್ಲಿ ನೆಪೋಲಿಯನ್ ಸೇನೆ ಸ್ಪೇನ್‌ಗೆ ನುಗ್ಗಿತು. ಮದ್ದುಗುಂಡಿನ ಸದ್ದು ಕೇಳಿಸದ ಗೋಯಾ ಅದರ ಪರಿಣಾಮವನ್ನು ಕಣ್ಣಾರೆ ಕಂಡರು. ಯುದ್ಧದ ಅನಾಹುತಗಳ ಬಗ್ಗೆ ಅವರು ಕೆತ್ತಿದ 82 ಅಚ್ಚು ಚಿತ್ರಗಳು ಅವರ ಜೀವಿತಕಾಲದಲ್ಲಿ ಪ್ರಕಟವಾಗಲೇ ಇಲ್ಲ, ಹೆಚ್ಚಿನವು 1863ರಲ್ಲಿ ಬೆಳಕಿಗೆ ಬಂದವು. 1812ರಲ್ಲಿ ಹೆಂಡತಿ ತೀರಿಕೊಂಡರು. 1814ರಲ್ಲಿ, ಬಿಳಿ ಅಂಗಿ ತೊಟ್ಟು ಕೈಯೆತ್ತಿ ನಿಂತ ಬಡವನ ಎದುರು ಬಂದೂಕು ಹಿಡಿದ ಸಿಪಾಯಿಗಳ ಸಾಲು ಇರುವ ಮೇ 3ರ ಚಿತ್ರ ಬರೆದರು. ಅದು ಈಗ ಮ್ಯಾಡ್ರಿಡ್‌ನ ಪ್ರಾದೊ ವಸ್ತುಸಂಗ್ರಹಾಲಯದಲ್ಲಿದೆ.

1819ರಲ್ಲಿ ಮ್ಯಾಡ್ರಿಡ್ ಹೊರಗೆ ಒಂದು ಮನೆ ಕೊಂಡರು. ಅದೇ ವರ್ಷ ಮತ್ತೆ ಸಾಯುವಷ್ಟು ಕಾಯಿಲೆ. ಡಾಕ್ಟರ್ ಅರ್ರಿಯೆತಾ ಉಳಿಸಿದರು. ಮರುವರ್ಷ ಗೋಯಾ ಒಂದು ಚಿತ್ರ ಬರೆದು ಅವರಿಗೆ ಕೃತಜ್ಞತೆ ಹೇಳಿದರು: ಹಾಸಿಗೆಯಲ್ಲಿ ಸೋತು ಒರಗಿದ ಗೋಯಾ, ಹಿಂದಿನಿಂದ ತೋಳಿನಲ್ಲಿ ಆನಿಸಿಕೊಂಡು ಬಾಯಿಗೆ ಔಷಧದ ಲೋಟ ಹಿಡಿದ ವೈದ್ಯರು. ಆಮೇಲೆ ಆ ಮನೆಯ ಗೋಡೆಗಳ ಮೇಲೆ ಬರೆದ 14 ಕಪ್ಪು ಚಿತ್ರಗಳು ಜಗತ್ಪ್ರಸಿದ್ಧ.

1824ರಲ್ಲಿ, 78ನೇ ವಯಸ್ಸಿನಲ್ಲಿ, ರಾಜನ ದಬ್ಬಾಳಿಕೆಯಿಂದ ದೂರ ಹೋಗಲು ಫ್ರಾನ್ಸ್‌ನ ಬೋರ್ಡೋ ಪಟ್ಟಣ ಸೇರಿದರು. ಫ್ರೆಂಚ್ ಬಾರದು, ಕಿವಿ ಕೇಳದು. ಆದರೂ ಅಲ್ಲಿ ಕಲ್ಲಚ್ಚಿನ ಹೊಸ ವಿಧಾನದಲ್ಲಿ ಗೂಳಿ ಕಾಳಗದ ಚಿತ್ರಗಳನ್ನು ಮಾಡಿದರು. 1828ರ ಏಪ್ರಿಲ್ 16ರಂದು, 82ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಅವಶೇಷಗಳು ಈಗ ಇರುವುದು ಸಾನ್ ಅಂತೋನಿಯೊ ಚರ್ಚಿನಲ್ಲಿ, ಅವರೇ ಬರೆದ ಗುಮ್ಮಟದ ಕೆಳಗೆ.

ಗೋಯಾ ಬಗ್ಗೆ ಹರಿದಾಡುವ ಮೂರು ಕಥೆಗಳು

*ಕಥೆ 1: ಬಣ್ಣದಲ್ಲಿದ್ದ ಸೀಸದ ವಿಷದಿಂದ ಕಿವುಡಾದರು.* ಗೋಯಾ ಸೀಸದ ಬಿಳಿ ಬಣ್ಣ ಬಹಳ ಬಳಸುತ್ತಿದ್ದದ್ದು ನಿಜ. ಆದರೆ ಕಾಯಿಲೆಯ ನಂತರವೂ ಅದೇ ಕಸುಬನ್ನು ದಶಕಗಟ್ಟಲೆ ಮುಂದುವರಿಸಿದರು. ಬುದ್ಧಿ ಮಂಕಾಗಲಿಲ್ಲ. ಸೀಸದ ವಿಷವೇ ಕಾರಣವಾಗಿದ್ದರೆ ಇದನ್ನು ವಿವರಿಸುವುದು ಕಷ್ಟ.

*ಕಥೆ 2: ಅವರ ಮನೆಗೆ ಕಿವುಡನ ತೋಟದಮನೆ ಎಂಬ ಹೆಸರು ಬಂದದ್ದು ಅವರಿಂದ.* ತಪ್ಪು. ಗೋಯಾ ಕೊಳ್ಳುವ ಮೊದಲೇ ಆ ಹೆಸರಿತ್ತು. ಅಲ್ಲಿ ಮೊದಲಿದ್ದ ಇನ್ನೊಬ್ಬ ಕಿವುಡರಿಂದ ಬಂದ ಹೆಸರು ಅದು.

*ಕಥೆ 3: ಕಿವುಡಾದದ್ದರಿಂದಲೇ ದೊಡ್ಡ ಕಲಾವಿದರಾದರು.* ಇದು ಕೇಳಲು ಚೆಂದ. ಆದರೆ ಕಾಯಿಲೆಗೆ ಮೊದಲೇ ಅವರು ಆಸ್ಥಾನ ಚಿತ್ರಕಾರರಾಗಿದ್ದರು. ಕಿವುಡು ಅವರ ಹುದ್ದೆಯನ್ನು ಕಸಿಯಿತು, ಒಂಟಿಯಾಗಿಸಿತು. ಅದನ್ನು ವರ ಎನ್ನುವುದು ನ್ಯಾಯವಲ್ಲ.

ಹಾಗಾದರೆ ಕಾಯಿಲೆ ಯಾವುದು?

ಖಚಿತ ಉತ್ತರ ಇಲ್ಲ. 2017ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ವೈದ್ಯರು ಗೋಯಾ ಅವರ ಲಕ್ಷಣಗಳನ್ನು ಇವತ್ತಿನ ರೋಗಿಯ ಕೇಸ್ ಎಂಬಂತೆ ಚರ್ಚಿಸಿದರು. ಕಿವಿ ತಜ್ಞೆ ರೊನ್ನಾ ಹರ್ಟ್ಸಾನೊ ಸೂಚಿಸಿದ್ದು ಸೂಸಾಕ್ ಸಿಂಡ್ರೋಮ್. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು, ಕಣ್ಣಿನ ಪರದೆ ಮತ್ತು ಒಳಗಿವಿಯ ಸಣ್ಣ ರಕ್ತನಾಳಗಳ ಮೇಲೆ ದಾಳಿ ಮಾಡುವ ಅಪರೂಪದ ಕಾಯಿಲೆ ಇದು. ತಲೆನೋವು, ಭ್ರಮೆ, ಕಣ್ಣಿನ ತೊಂದರೆ, ಕಿವುಡು ನಾಲ್ಕನ್ನೂ ಒಂದೇ ಕಾಯಿಲೆ ವಿವರಿಸುತ್ತದೆ. ಇಂದು ಇಂಥ ರೋಗಿಗೆ ಮೊದಲು ಕೊಡುವ ಔಷಧಗಳಲ್ಲಿ ಸ್ಟೀರಾಯ್ಡ್ ಒಂದು. 224 ವರ್ಷ ಕಳೆದ ಮೇಲೆ ಮಾಡಿದ ಊಹೆ ಇದು, ಸಾಬೀತಾದ ಸತ್ಯವಲ್ಲ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ನಮ್ಮ ನಡುವೆ ಕಾಣುವ ದಿಢೀರ್ ಕಿವುಡು ಸಾಮಾನ್ಯವಾಗಿ ಒಂದೇ ಕಿವಿಗೆ ಬರುತ್ತದೆ, ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಕಾರಣವೂ ಸಿಗುವುದಿಲ್ಲ. ಗೋಯಾ ಅವರಂತೆ ಎರಡೂ ಕಿವಿ ಹೋಗುವುದು ಅಪರೂಪ.

ದಿಢೀರ್ ಕಿವುಡು ಎಂದರೆ ಏನು?

ಮೂರು ದಿನದೊಳಗೆ, ಅಂದರೆ 72 ಗಂಟೆಯೊಳಗೆ, ಕಿವಿಯ ನರದ ಭಾಗದಲ್ಲಿ ಕನಿಷ್ಠ 30 ಡೆಸಿಬೆಲ್‌ನಷ್ಟು ಕೇಳುವ ಶಕ್ತಿ ಕುಸಿದರೆ ವೈದ್ಯರು ಅದನ್ನು ಹೀಗೆ ಕರೆಯುತ್ತಾರೆ. ಒಳಗಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ಭಾಗವಿದೆ. ಅದರೊಳಗೆ ಸಾವಿರಾರು ಕೂದಲು ಕೋಶಗಳಿವೆ. ಶಬ್ದದ ಅಲೆಯನ್ನು ಅವು ವಿದ್ಯುತ್ ಸಂಕೇತವಾಗಿಸಿ ಮೆದುಳಿಗೆ ಕಳಿಸುತ್ತವೆ. ಒಮ್ಮೆ ಸತ್ತರೆ ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಊತದಿಂದ ಸೊರಗಿದ್ದರೆ, ಇನ್ನೂ ಸಾಯದಿದ್ದರೆ ಮಾತ್ರ ಚೇತರಿಕೆಗೆ ಅವಕಾಶ. ಹೊರಗಿನಿಂದ ಬಿಟ್ಟ ಎಣ್ಣೆ ಕಿವಿ ತಮಟೆಯಲ್ಲೇ ನಿಲ್ಲುತ್ತದೆ, ಅಲ್ಲಿಗೆ ತಲುಪುವುದೇ ಇಲ್ಲ. ತಮಟೆ ತೂತಾಗಿದ್ದರೆ ಎಣ್ಣೆಯಿಂದ ಸೋಂಕಿನ ಅಪಾಯ ಬೇರೆ.

ಸ್ಟೀರಾಯ್ಡ್ ಎಲ್ಲಿಂದ ಬಂತು?

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಕೀಲುವಾತದಿಂದ ಏಳಲಾಗದ ರೋಗಿಗೆ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನದಲ್ಲಿ ರೋಗಿ ಎದ್ದು ನಡೆದರು. ಎಡ್ವರ್ಡ್ ಕೆಂಡಾಲ್, ತಾಡೆಯುಸ್ ರೈಖ್‌ಸ್ಟೈನ್ ಜೊತೆ ಅವರಿಗೆ 1950ರ ನೊಬೆಲ್ ಬಂತು. ನಮ್ಮ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯೇ ಇಂಥ ಹಾರ್ಮೋನ್ ತಯಾರಿಸುತ್ತದೆ. ಊತ ಇಳಿಸುವುದು ಇದರ ಗುಣ. ಜಿಮ್‌ನಲ್ಲಿ ಕೆಲವರು ಮೈ ಬೆಳೆಸಲು ಚುಚ್ಚಿಕೊಳ್ಳುವ ಸ್ಟೀರಾಯ್ಡ್ ಬೇರೆಯೇ ಔಷಧ, ಹೆಸರು ಮಾತ್ರ ಒಂದು.

ಕಿವಿಗೆ ಇದು ಕೆಲಸ ಮಾಡುತ್ತದೆಯೇ? 1980ರಲ್ಲಿ ವಿಲ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ ಶೇ. 61 ಮಂದಿ, ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಶೇ. 32 ಮಂದಿ ಚೇತರಿಸಿಕೊಂಡರು. ಆದರೆ ಅದು ಸಣ್ಣ ಅಧ್ಯಯನ. ನಂತರದ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ. ಚಿಕಿತ್ಸೆ ಇಲ್ಲದೆಯೂ ಹಲವರು ತಾವಾಗಿ ಸರಿಯಾಗುತ್ತಾರೆ. ಹಾಗಾಗಿ ಸ್ಟೀರಾಯ್ಡ್ ಗ್ಯಾರಂಟಿ ಮದ್ದಲ್ಲ. ಆದರೂ ವೈದ್ಯರು ಕೊಡುವುದೇಕೆ? ಇದಕ್ಕಿಂತ ಉತ್ತಮವಾದದ್ದು ಕೈಯಲ್ಲಿಲ್ಲ, ಕೆಲವು ದಿನದ ಕೋರ್ಸ್‌ನ ಅಪಾಯವನ್ನು ಹೆಚ್ಚಿನವರಲ್ಲಿ ನಿಭಾಯಿಸಬಹುದು, ಉಳಿಯಬಹುದಾದದ್ದು ಜೀವನಪೂರ್ತಿ ಬೇಕಾದ ಕಿವಿ.

2011ರಲ್ಲಿ 250 ರೋಗಿಗಳ ಅಧ್ಯಯನ ಇನ್ನೊಂದು ದಾರಿ ತೋರಿಸಿತು. ತಮಟೆಯ ಮೂಲಕ ಸಣ್ಣ ಸೂಜಿಯಲ್ಲಿ ಕಿವಿಯೊಳಗೇ ಸ್ಟೀರಾಯ್ಡ್ ಕೊಟ್ಟರೂ ಮಾತ್ರೆಯಷ್ಟೇ ಫಲ ಸಿಕ್ಕಿತು. ಸಕ್ಕರೆ ಕಾಯಿಲೆ ಇರುವವರಿಗೆ ಇದು ಮುಖ್ಯ. ಮಾತ್ರೆ ರಕ್ತದ ಸಕ್ಕರೆ ಏರಿಸುತ್ತದೆ, ಕಿವಿಯೊಳಗಿನ ಇಂಜೆಕ್ಷನ್‌ನಲ್ಲಿ ಆ ಚಿಂತೆ ಬಹಳ ಕಡಿಮೆ. ಜರ್ಮನಿಯ ಈಚಿನ ದೊಡ್ಡ ಅಧ್ಯಯನವೊಂದು ಹೆಚ್ಚು ಡೋಸ್ ಕೊಟ್ಟರೆ ಹೆಚ್ಚು ಲಾಭವಿಲ್ಲ ಎಂದೂ ತೋರಿಸಿದೆ.

ಭಯ ಸುಮ್ಮನೆ ಬಂದದ್ದಲ್ಲ

2021ರ ಕೊರೊನಾ ಎರಡನೇ ಅಲೆಯಲ್ಲಿ ಬ್ಲ್ಯಾಕ್ ಫಂಗಸ್ ನೋಡಿದ ಜನ ಸ್ಟೀರಾಯ್ಡ್‌ಗೆ ಹೆದರುವುದು ಸಹಜ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯ ಮೇಲೆ ಸ್ಟೀರಾಯ್ಡ್ ಸೇರಿದಾಗ ಆ ಅಪಾಯ ಹೆಚ್ಚಿತ್ತು. ನಿದ್ದೆ ಬಾರದಿರುವುದು, ಹೊಟ್ಟೆ ಉರಿ, ಬಿಪಿ ಏರುವುದು, ಸಿಡುಕು ಕೂಡ ನಿಜವಾದ ತೊಂದರೆಗಳೇ. ಇದಕ್ಕೆ ಪರಿಹಾರ ಮಾತ್ರೆ ಬಿಸಾಡುವುದಲ್ಲ. ಸಕ್ಕರೆ, ಬಿಪಿ, ಹೊಟ್ಟೆ ಹುಣ್ಣು, ಕ್ಷಯ, ಗರ್ಭಿಣಿಯಾಗಿರುವುದು ಎಲ್ಲವನ್ನೂ ಡಾಕ್ಟರಿಗೆ ಮೊದಲೇ ಹೇಳುವುದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಾವೇ ನುಂಗುವುದೂ ತಪ್ಪು, ಕೋರ್ಸ್ ನಡುವೆ ತಾವೇ ನಿಲ್ಲಿಸುವುದೂ ತಪ್ಪು.

ಸೂಲಿಬೆಲೆಯಲ್ಲಿ ಹೀಗಾದರೆ?

ರೇಷ್ಮೆ ಹುಳು ಸಾಕುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಟ್ಟೆಯಲ್ಲಿ ರೋಗ ಕಂಡ ದಿನ ನಾಳೆ ನೋಡೋಣ ಎಂದವರ ಗೂಡು ವಿಜಯಪುರದ ಮಾರುಕಟ್ಟೆ ತಲುಪುವುದು ಕಷ್ಟ. ಒಳಗಿವಿಯ ಲೆಕ್ಕವೂ ಹಾಗೆಯೇ. ಸ್ಟೀರಾಯ್ಡ್ ಶುರುಮಾಡಲು ಮೊದಲ ಎರಡು ವಾರ ಮುಖ್ಯ, ಅದರಲ್ಲೂ ಮೊದಲ ದಿನಗಳು. ಪೂರ್ತಿ ಸರಿಯಾಗದಿದ್ದರೆ ಎರಡರಿಂದ ಆರು ವಾರದೊಳಗೆ ಕಿವಿಯೊಳಗಿನ ಇಂಜೆಕ್ಷನ್ ಪ್ರಯತ್ನಿಸಬಹುದು.

1. ಮನೆಯಲ್ಲೇ ಒಂದು ಪರೀಕ್ಷೆ. ಬಾಯಿ ಮುಚ್ಚಿ ಮ್‌ಮ್‌ಮ್ ಎಂದು ಗುನುಗಿ. ಸದ್ದು ಕೇಳಿಸದ ಕಿವಿಯ ಕಡೆಗೇ ಜೋರಾಗಿ ಕೇಳಿಸಿದರೆ ಗುಗ್ಗೆ ಅಥವಾ ಶೀತದ ಅಡಚಣೆ ಇರಬಹುದು. ಒಳ್ಳೆಯ ಕಿವಿಯ ಕಡೆಗೆ ಜೋರಾಗಿದ್ದರೆ ನರದ ತೊಂದರೆ ಇರಬಹುದು, ತಡಮಾಡಬೇಡಿ. ಇದು ಸುಳಿವು ಮಾತ್ರ. ಉತ್ತರ ಏನೇ ಬಂದರೂ ಡಾಕ್ಟರ್ ನೋಡಲೇಬೇಕು.

2. ಅದೇ ದಿನ ಅಥವಾ ಮರುದಿನ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ. ಊರಿನ ಡಾಕ್ಟರ್ ಟಾರ್ಚ್ ಹಾಕಿ ಗುಗ್ಗೆ ಇಲ್ಲ ಎಂದರೆ ಮುಂದಿನ ಬಸ್ ಹೊಸಕೋಟೆಗೋ ಬೆಂಗಳೂರಿಗೋ ಹಿಡಿಯಿರಿ. ಬೆಂಗಳೂರಿನ ವಿಕ್ಟೋರಿಯಾದಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ವಿಭಾಗವಿದೆ.

3. ಆಡಿಯೋಗ್ರಾಮ್ ಕೇಳಿ. ಹೆಡ್‌ಫೋನ್ ಹಾಕಿ ಮಾಡುವ, ನೋವಿಲ್ಲದ ಪರೀಕ್ಷೆ. ಇದಿಲ್ಲದೆ ನರದ ಕಿವುಡನ್ನು ಖಚಿತಪಡಿಸಲಾಗದು. ಮುಂದೆ ಎಂಆರ್‌ಐ ಬರೆದುಕೊಟ್ಟರೆ ಗಾಬರಿ ಬೇಡ. ಕೆಲವೊಮ್ಮೆ ನರದ ಮೇಲೆ ಗಡ್ಡೆ ಇರಬಹುದು, ಅದನ್ನು ನೋಡಲು ಮಾತ್ರ.

4. ಮುಖ ಸೊಟ್ಟ, ಮಾತು ತೊದಲು, ಕೈಕಾಲು ಸೋಲು, ಎರಡೆರಡು ಕಾಣುವುದು, ನಿಲ್ಲಲಾಗದ ತಲೆಸುತ್ತು ಜೊತೆಗಿದ್ದರೆ ಪಾರ್ಶ್ವವಾಯು ಇರಬಹುದು. ಬಸ್ಸಿಗೆ ಕಾಯದೆ 108ಕ್ಕೆ ಕರೆ ಮಾಡಿ.

5. ಕಿವಿ ವಾಪಸ್ ಬರದಿದ್ದರೆ ಅಲ್ಲಿಗೇ ಬಿಡಬೇಡಿ. ಶ್ರವಣ ಸಾಧನ, ತರಬೇತಿ, ಕಾಕ್ಲಿಯರ್ ಇಂಪ್ಲಾಂಟ್ ಇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ.

ಕೊನೆಯದಾಗಿ

ಕಿವಿಗೆ ಎಣ್ಣೆ ಬಿಟ್ಟು ಕಾಯಿರಿ ಎಂಬ ಸಂದೇಶ: ಅಪಾಯಕಾರಿ. ಕಳೆಯುವುದು ನಾಲ್ಕು ದಿನವಲ್ಲ, ಚೇತರಿಕೆಯ ಅವಕಾಶ.

ಸ್ಟೀರಾಯ್ಡ್ ಎಂದರೆ ವಿಷ ಎಂಬ ಸಂದೇಶ: ತಪ್ಪು. ವೈದ್ಯರ ನಿಗಾದಲ್ಲಿ ಕೊಡುವ ಸಣ್ಣ ಕೋರ್ಸ್ ಇದು.

ಸ್ಟೀರಾಯ್ಡ್ ತಗೊಂಡರೆ ಖಂಡಿತ ಸರಿಯಾಗುತ್ತದೆ ಎಂಬ ಸಂದೇಶ: ಇದೂ ತಪ್ಪು. ಕೆಲವರಿಗೆ ಪೂರ್ತಿ, ಕೆಲವರಿಗೆ ಅರ್ಧ, ಕೆಲವರಿಗೆ ಏನೂ ಇಲ್ಲ.

ಗೋಯಾ ಅವರಿಗೆ ರಾಜನ ಆಶ್ರಯವಿತ್ತು, ಒಳ್ಳೆಯ ಗೆಳೆಯರಿದ್ದರು, ಆದರೆ ಅವರ ಕಾಲದಲ್ಲಿ ಈ ಚಿಕಿತ್ಸೆ ಇರಲಿಲ್ಲ. ನಮ್ಮ ಕಾಲದಲ್ಲಿ ಇದೆ, ಬಸ್ ಹಿಡಿದರೆ ಸಿಗುವ ದೂರದಲ್ಲೇ ಇದೆ. ಮನೆಯಲ್ಲಿ ಯಾರಾದರೂ ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿಕೊಂಡಿದೆ ಎಂದರೆ ಎಣ್ಣೆ ಬಟ್ಟಲು ಹುಡುಕುವ ಮೊದಲು ಈ ಬರಹ ನೆನಪಾಗಲಿ. ಫ್ಯಾಮಿಲಿ ಗ್ರೂಪಿಗೆ ಒಂದು ಸಲ ಹಾಕಿ.